ಪಶ್ಚಾತ್ತಾಪವಿಲ್ಲದ ಕಾರು

ಸ್ಕಾರ್ವ ದ್ವೀಪದ ಪುರಸಭೆಯು ವಿದ್ಯುತ್ ಕಾರು ಕೊಳ್ಳುವ ವಿಷಯದಲ್ಲಿ ಇಂದಿನವರೆಗೆ ಒಂದೇ ಒಂದು ತಪ್ಪನ್ನೂ ಮಾಡಿಲ್ಲ. ನಾರ್ವೆಯ ಬೇರೆ ಊರುಗಳು ಅವಸರಪಟ್ಟು ಕೊಂಡವು. ಮರುವರ್ಷ ಅದಕ್ಕಿಂತ ಒಳ್ಳೆಯ ಕಾರು ಬಂದಾಗ ಕೈ ಕೈ ಹಿಸುಕಿಕೊಂಡವು. ಸ್ಕಾರ್ವದ ಕೈಗಳು ಇವತ್ತಿಗೂ ಬೆಚ್ಚಗೆ ಕೈಗವಸಿನೊಳಗಿವೆ.

ಕೊಳ್ಳಬೇಕಾಗಿದ್ದದ್ದು ಒಂದೇ ಕಾರು, ಅದೂ ರಾಗ್ನಿಗಾಗಿ. ರಾಗ್ನಿ ಮನೆಮನೆಗೆ ಹೋಗಿ ಮುದುಕರನ್ನು ನೋಡಿಕೊಳ್ಳುವ, ದ್ವೀಪದ ಏಕೈಕ ನರ್ಸ್. ಬಂದರಿನಿಂದ ಹೊರಡುವ ಒಂದೇ ರಸ್ತೆಯ ಕೊನೆಯಲ್ಲಿ, ಉತ್ತರದ ಮೂಲೆಯಲ್ಲಿ, ಆಮುಂಡ್ ಎಂಬ ಮುದಿ ಮೀನುಗಾರನಿದ್ದ. ಅವನ ಎಡಗಾಲಿನಲ್ಲಿ ಮಾಯದ ಹುಣ್ಣೊಂದಿತ್ತು. ದಿನ ಬಿಟ್ಟು ದಿನ ಕಟ್ಟು ಬದಲಿಸದಿದ್ದರೆ ಕಾಲು ಉಳಿಯುವುದಿಲ್ಲವೆಂದು ಆಚೆ ದಡದ ಡಾಕ್ಟರು ಹೇಳಿದ್ದರು. ಪುರಸಭೆಯ ಹಳೆಯ ಡೀಸೆಲ್ ಕಾರು ಒಂದು ಬೆಳಿಗ್ಗೆ ಚರ್ಚಿನ ಮುಂದೆ ಸ್ವಇಚ್ಛೆಯಿಂದ ಸೇವೆಯಿಂದ ನಿವೃತ್ತಿಯಾಯಿತು. ಹೊಸದನ್ನು ಕೊಳ್ಳಲು ಎಲ್ಲರೂ ಒಪ್ಪಿದರು. ಸ್ಕಾರ್ವದಲ್ಲಿ ಕೈ ಎತ್ತಿಸಿ ಮತ ಎಣಿಸುವ ಪದ್ಧತಿಯಿಲ್ಲ; ಒಬ್ಬರಿಗೂ ಬೇಡವೆನ್ನಿಸದಂತಾಗುವ ತನಕ ಮಾತಾಡುತ್ತಲೇ ಇರುತ್ತಾರೆ, ಮಧ್ಯೆ ಮಧ್ಯೆ ಕಂದು ಚೀಸ್ ಹಾಕಿದ ವಾಫಲ್ ತಿನ್ನುತ್ತಾರೆ.

ಸಿಂದ್ರೆ ಎಂಬ ಮಾರಾಟಗಾರ ಫೆರಿಯಲ್ಲಿ ಕಾರು ತಂದ. ನೀಲಿ ಬಣ್ಣದ ಕಾರು. ರಾಗ್ನಿ ಒಳಗೆ ಕೂತು ನೋಡಿದಳು. ಆಸನ ಬೆಚ್ಚಗಿತ್ತು. ಆ ವರ್ಷ ಅವಳಿಗೆ ಬೇಕಾಗಿದ್ದದ್ದು ಅಷ್ಟೇ.

"ಒಂದು ಸಲ ಚಾರ್ಜ್ ಮಾಡಿದ್ರೆ ಎಷ್ಟು ದೂರ ಹೋಗುತ್ತೆ?" ಎಂದು ಆ ಸಂಜೆಯ ಸಭೆಯಲ್ಲಿ ಮೇಯರ್ ಹಲ್ವಾರ್ಡ್ ಕೇಳಿದ. ಕೇಳಲು ಏನಾದರೂ ಇರಬೇಕಿತ್ತು.

"ಆಮುಂಡ್ ಮನೆಗೆ ಹೋಗಿಬರಬಹುದು. ವಾರಪೂರ್ತಿ," ಎಂದ ಸಿಂದ್ರೆ. ಸಿಂದ್ರೆ ಪ್ರಾಮಾಣಿಕ. ಅದಕ್ಕೇ ಮುಂದುವರಿಸಿದ: "ವಸಂತಕ್ಕೆ ಬರೋ ಮಾದರಿ ಇದರ ಎರಡರಷ್ಟು ಹೋಗುತ್ತೆ, ಅದನ್ನ ಹೇಳದೆ ಇದ್ರೆ ತಪ್ಪಾಗುತ್ತೆ."

"ಎಲ್ಲಿಗೆ ಹೋಗುತ್ತೆ? ಆಮುಂಡ್ ಮನೆ ಆದ್ಮೇಲೆ ಸಮುದ್ರ," ಎಂದಳು ರಾಗ್ನಿ.

"ಏನಾದ್ರೂ ಮರೆತು ಬಂದ್ರೆ ಮತ್ತೆ ಹೋಗಬಹುದಲ್ಲ," ಎಂದರು ಹಿಂದಿನ ಬೆಂಚಿನಿಂದ ಯಾರೋ.

ಇದು ಯೋಚಿಸಬೇಕಾದ ಮಾತೇ. ಎಲ್ಲರೂ ರಾಗ್ನಿಯ ಮುಖ ನೋಡಿದರು. ರಾಗ್ನಿ ಶಾಲೆಯಲ್ಲಿ ಹಲ್ವಾರ್ಡ್‌ನ ಪಕ್ಕದ ಬೆಂಚಿನಲ್ಲಿ ಕೂತವಳು, ಜನ್ಮದಲ್ಲಿ ಒಮ್ಮೆಯೂ ಸಭೆಯೊಂದನ್ನು ಕೆಡಿಸಿದವಳಲ್ಲ. "ವಸಂತದ ತನಕ ಸ್ಪಾರ್ಕ್‌ನಲ್ಲಿ ಹೋಗಿಬರ್ತೀನಿ ಬಿಡು," ಎಂದಳು. ಸ್ಪಾರ್ಕ್ ಎಂದರೆ ಕುರ್ಚಿಗೆ ಎರಡು ಕಬ್ಬಿಣದ ಪಟ್ಟಿ ಬಡಿದು, ಹಿಂದೆ ನಿಂತು ಒಂದು ಕಾಲಿನಿಂದ ಹಿಮವನ್ನು ಒದೆಯುತ್ತ ಸಾಗುವ ವಾಹನ. ಅದರ ಆಸನ ಬೆಚ್ಚಗಿರುವುದಿಲ್ಲ. ಒದೆಯುವವರು ಕೂರುವುದೂ ಇಲ್ಲ.

ವಸಂತ ಬಂತು, ಸಿಂದ್ರೆಯೂ ಬಂದ. ಕಾರು ನಿಜವಾಗಿಯೂ ಎರಡರಷ್ಟು ದೂರ ಹೋಗುತ್ತಿತ್ತು. ಆದರೆ ಶರತ್ಕಾಲಕ್ಕೆ ಬರುವ ಕಾರು ಒಂದು ಕಪ್ ಕಾಫಿ ಕುಡಿಯುವಷ್ಟರಲ್ಲಿ ಚಾರ್ಜ್ ಆಗುತ್ತದೆಂದು ಸಿಂದ್ರೆ ಹೇಳಲೇಬೇಕಾಯಿತು. ಶರತ್ಕಾಲದ ಕಾರಿಗಿಂತ ಅದರ ಮುಂದಿನದು ಹಗುರ. ಹೀಗೆ ಪ್ರತಿ ಸಲವೂ ಚರ್ಚೆ ಲಂಬಿಸುವುದನ್ನು ತಪ್ಪಿಸಲು ಪುರಸಭೆಯು ಈ ಕೆಳಗಿನ ನಿಯಮವನ್ನು ಪ್ರಕಟಿಸಿತು:

"ಪುರಸಭೆಯು ಕೊಳ್ಳಲಿರುವ ಯಾವುದೇ ವಸ್ತುವಿಗಿಂತ ಉತ್ತಮವಾದ ವಸ್ತು ಮುಂದೆ ಬರುವ ಸಂಭವವಿದ್ದಲ್ಲಿ, ಸದರಿ ಉತ್ತಮ ವಸ್ತು ಬರುವ ತನಕ ಖರೀದಿಯನ್ನು ತಡೆಹಿಡಿಯತಕ್ಕದ್ದು. ಉತ್ತಮ ವಸ್ತು ಬಂದ ಕೂಡಲೇ ಅದನ್ನೂ ಮೇಲ್ಕಂಡ 'ಯಾವುದೇ ವಸ್ತು' ಎಂದೇ ಪರಿಗಣಿಸತಕ್ಕದ್ದು. ಪಶ್ಚಾತ್ತಾಪಕ್ಕೆ ಅವಕಾಶವಿರತಕ್ಕದ್ದಲ್ಲ."

ನಿಯಮ ಎಲ್ಲರಿಗೂ ಹಿಡಿಸಿತು. ಕಾರು ಬರುವುದು ಖಚಿತವಾದ್ದರಿಂದ ಅದಕ್ಕೊಂದು ಮನೆ ಬೇಕೆಂದು ಊರೆಲ್ಲ ಸೇರಿ ಬಿಟ್ಟಿ ದುಡಿದು ಗ್ಯಾರೇಜು ಕಟ್ಟಿದರು. ಚಾರ್ಜಿಂಗ್ ಪೆಟ್ಟಿಗೆ ಬಂತು. ಮುಂದಿನ ಮಾದರಿ ಸ್ವಲ್ಪ ಅಗಲವೆಂದು ಸುದ್ದಿ ಬಂದಾಗ ಒಂದು ಗೋಡೆ ಒಡೆದು ಮತ್ತೆ ಕಟ್ಟಿದರು. ಅಷ್ಟು ವಿದ್ಯುತ್ತು ಸುಮ್ಮನೆ ಇರುವುದು ಸರಿಯಲ್ಲವೆಂದು ವಾಫಲ್ ಕಾವಲಿಗಳನ್ನೂ ಹೀಟರನ್ನೂ ಅದಕ್ಕೇ ಜೋಡಿಸಿದರು. ಇಡೀ ದ್ವೀಪದಲ್ಲಿ ಇಷ್ಟು ಬೆಚ್ಚಗಿನ ಜಾಗ ಇನ್ನೊಂದಿರಲಿಲ್ಲ. ಸಭೆಗಳೂ ಅಲ್ಲೇ ನಡೆಯತೊಡಗಿದವು. ಆಚೆ ದಡದ ಊರುಗಳಿಂದ ಜನ ಕಾಯುವ ಕ್ರಮವನ್ನು ಕಲಿಯಲು ಬಂದು, ಕಾರು ಇರಬೇಕಾದ ಜಾಗದ ಮುಂದೆ ನಿಂತು ಫೋಟೋ ತೆಗೆಸಿಕೊಂಡರು.

ಈ ನಡುವೆ ಸ್ಪಾರ್ಕ್ ತೀವ್ರ ಪ್ರಗತಿ ಸಾಧಿಸಿತು. ದೋಣಿ ರಿಪೇರಿಯವರು ಬೇಸಿಗೆಗೆಂದು ಅದಕ್ಕೆ ಚಕ್ರ ಹಾಕಿದರು, ಮುಂದಿನ ವರ್ಷ ದೀಪ ಹಾಕಿದರು, ಆಮೇಲೆ ಹಿಡಿಕೆಗೆ ಕುರಿಯ ಚರ್ಮ. ಮರುವರ್ಷ ಇನ್ನೂ ನುಣುಪಾದ ಪಟ್ಟಿ ಹಾಕುತ್ತೇವೆಂದು ಅವರು ಹೇಳಿದ ದಿನ ಹಲ್ವಾರ್ಡ್ ರಾಗ್ನಿಯನ್ನು ಕರೆದ.

"ರಾಗ್ನಿ, ನಿನಗೆ ಗೊತ್ತಲ್ಲ ನಿಯಮ."

"ಸ್ಪಾರ್ಕ್ ಆಗಲೇ ನನ್ನ ಹತ್ರ ಇದೆಯಲ್ಲೋ. ಕೊಳ್ಳೋದು ಎಲ್ಲಿಂದ ಬಂತು?"

"ಇದ್ರೆ ಏನಾಯ್ತು? ಹೊಸದು ಬಂದ್ಮೇಲೆ, ಅಯ್ಯೋ ಇಷ್ಟು ದಿನ ಇದನ್ನ ಒದ್ದೆನಲ್ಲ ಅಂತ ನೀನೇ ಹೊಟ್ಟೆ ಉರ್ಕೊಳ್ಳಲ್ವಾ?"

ಸ್ಪಾರ್ಕನ್ನು ಗ್ಯಾರೇಜಿಗೆ ಸೇರಿಸಲಾಯಿತು. ಅವಳ ಬೂಟುಗಳ ಬಗ್ಗೆಯೂ ಯಾರೋ ಮಾತೆತ್ತಿದರು. ರಾಗ್ನಿ ಪಾದಗಳನ್ನು ಕುರ್ಚಿಯ ಕೆಳಗೆ ಎಳೆದುಕೊಂಡಳು.

ಆ ಚಳಿಗಾಲ ಅವಳು ನಡೆದೇ ಹೋದಳು. ಬಿರುಗಾಳಿಯಿದ್ದ ದಿನ ಹೋಗಲಾಗಲಿಲ್ಲ. ಬಿರುಗಾಳಿ ಸುಮಾರು ದಿನ ಇತ್ತು. ಆಮುಂಡ್‌ನ ಹುಣ್ಣು ದೊಡ್ಡದಾಯಿತು, ಅಂಚು ಕಪ್ಪಾಯಿತು. ಮನೆಗೆ ಬಂದು ಬೂಟು ಕಳಚುವಾಗಲೂ ರಾಗ್ನಿಯ ಮೂಗಿನಲ್ಲಿ ಅದರ ವಾಸನೆಯಿರುತ್ತಿತ್ತು.

ಜನವರಿಯ ಒಂದು ಸಭೆಯ ಮಧ್ಯೆ ಗ್ಯಾರೇಜಿನ ಬಾಗಿಲು ತೆರೆದು ಆಮುಂಡ್ ತಾನೇ ಒಳಗೆ ಬಂದ. ತನ್ನ ಅಪ್ಪನ ಕಾಲದ ಸ್ಪಾರ್ಕಿನ ಮೇಲೆ ಕೆಟ್ಟ ಕಾಲಿನ ಮಂಡಿಯೂರಿ, ಒಳ್ಳೆಯ ಕಾಲಿನಿಂದ ಒದ್ದುಕೊಂಡು ಬಂದಿದ್ದ. ಗಡ್ಡದಲ್ಲಿ ಮಂಜುಗಡ್ಡೆ ಕಟ್ಟಿತ್ತು.

"ನೀನು ಬರಲಿಲ್ಲವಲ್ಲ ಹುಡುಗಿ, ಅದಕ್ಕೆ ಕಾಲನ್ನೇ ತಂದೆ," ಎಂದ. ಆ ಹುಡುಗಿಗೆ ಅರವತ್ತು ಹತ್ತಿರವಾಗಿತ್ತು.

"ನಿನಗೆ ತಲೆ ನೆಟ್ಟಗಿದೆಯಾ ಮುದುಕಾ, ಈ ಗಾಳೀಲಿ? ಕೂತ್ಕೋ," ಎನ್ನುತ್ತ ರಾಗ್ನಿ ಚೀಲ ಬಿಚ್ಚಿದಳು.

ಸಭೆ ಗಂಭೀರವಾಯಿತು. "ಒಂದೇ ಉಸಿರಿಗೆ ಬಂದೆಯಾ?" ಎಂದು ಹಲ್ವಾರ್ಡ್ ಕೇಳಿದ.

"ಚರ್ಚ್ ಹತ್ರ ನಿಂತು ಫ್ಲಾಸ್ಕ್‌ನಲ್ಲಿದ್ದ ಕಾಫಿ ಕುಡ್ದೆ."

"ಮಧ್ಯೆ ಚಾರ್ಜ್ ಮಾಡ್ಕೋಬೇಕು," ಎಂದ ಸಿಂದ್ರೆ. ಈಗ ಅವನು ಕಾರು ತರದಿದ್ದರೂ ಸಭೆ ತಪ್ಪಿಸುತ್ತಿರಲಿಲ್ಲ. "ಆದರೂ ಚಳಿಯಲ್ಲಿ ಈ ವಯಸ್ಸಿಗೆ ಒಳ್ಳೇ ದೂರವೇ."

ರೋಗಿಯೇ ಬರುವುದಾದರೆ ನರ್ಸಿಗೆ ಕಾರಿನ ಅವಸರವಿಲ್ಲವೆಂದೂ, ಆದ್ದರಿಂದ ಇನ್ನೂ ಒಳ್ಳೆಯ ಕಾರಿಗೆ ಕಾಯಬಹುದೆಂದೂ ಎಲ್ಲರೂ ಸಂತೋಷದಿಂದ ಒಪ್ಪಿದರು. ಆಮುಂಡ್‌ಗೆ ವಾಫಲ್ ಕೊಟ್ಟರು. ಅಷ್ಟರಲ್ಲಿ ಸಿಂದ್ರೆಯ ಪ್ರಾಮಾಣಿಕತೆ ಮತ್ತೆ ತಲೆಯೆತ್ತಿತು.

"ನಮ್ಮ ಅತ್ತಿಗೆ ಆಸ್ಪತ್ರೇಲಿ ಕೆಲಸ ಮಾಡ್ತಾಳೆ. ವಸಂತಕ್ಕೆ ಹೊಸ ಥರದ ಬ್ಯಾಂಡೇಜ್ ಬರುತ್ತಂತೆ. ವಾರಕ್ಕೊಮ್ಮೆ ಬದಲಿಸಿದ್ರೆ ಸಾಕಂತೆ. ಹೇಳದೆ ಇದ್ರೆ ತಪ್ಪಾಗುತ್ತೆ."

ಕಾವಲಿ ಚುಂಯ್‌ಗುಡುತ್ತಿತ್ತು. ಚರ್ಚೆ ಬಹಳ ಹೊತ್ತು ನಡೆಯಿತು. ಎಲ್ಲರಿಗಿಂತ ಕೊನೆಗೆ ಆಮುಂಡ್ ಬಾಯಿಯ ಜಾಮ್ ಒರೆಸಿಕೊಂಡು, "ವಸಂತದ್ದೇ ಆಗಲಿ ಬಿಡಿ. ಹಳೇದನ್ನ ಕಟ್ಟಿಸ್ಕೊಂಡು ಆಮೇಲೆ ಬೇಜಾರು ಮಾಡ್ಕೊಳ್ಳೋದು ಯಾಕೆ?" ಎಂದ.

"ರಾಗ್ನಿ, ನೀನೇನಂತೀಯ?"

ಮೇಜಿನ ಕೆಳಗಿನಿಂದ ರಾಗ್ನಿ ತಲೆ ಎತ್ತಿದಳು. "ಆಗಲೇ ಕಟ್ಟಿಬಿಟ್ಟೆ," ಎಂದಳು.

ಹಲ್ವಾರ್ಡ್‌ನ ಮುಖ ಬಿಳಿಚಿತು. ಸ್ಕಾರ್ವದ ಇತಿಹಾಸದಲ್ಲಿ ಇಂಥದ್ದು ನಡೆದಿರಲಿಲ್ಲ.

"ತಾತ್ಕಾಲಿಕ ಕಟ್ಟು," ಎಂದು ಸೇರಿಸಿದಳು ರಾಗ್ನಿ. "ವಸಂತದ್ದು ಬರೋ ತನಕ."

ಎಲ್ಲರೂ ನಿಟ್ಟುಸಿರು ಬಿಟ್ಟರು. ತಾತ್ಕಾಲಿಕವನ್ನು ನಿಯಮ ಎಲ್ಲಿಯೂ ನಿಷೇಧಿಸಿರಲಿಲ್ಲ. ದಾರಿ ಸವೆಸುವ ಕಷ್ಟವೇಕೆಂದು ಆಮುಂಡ್ ಹೀಟರ್ ಪಕ್ಕದಲ್ಲೇ, ಕಾರು ನಿಲ್ಲುವ ಜಾಗದಲ್ಲಿ, ಹಾಸಿಗೆ ಹಾಕಿಕೊಂಡ. ಕಾರು ಬಂದ ತಕ್ಷಣ ಏಳುವುದಾಗಿ ಮಾತು ಕೊಟ್ಟ. ರಾಗ್ನಿ ದಿನ ಬಿಟ್ಟು ದಿನ ಬಂದು ತಾತ್ಕಾಲಿಕವಾಗಿ ಕಟ್ಟುತ್ತಿದ್ದಳು.

ಹೊಸ ಬ್ಯಾಂಡೇಜ್ ಏಪ್ರಿಲ್‌ನಲ್ಲಿ ಫೆರಿಯಿಂದ ಇಳಿಯಿತು. ಊರೆಲ್ಲ ಗ್ಯಾರೇಜಿನಲ್ಲಿ ಸೇರಿತು. ರಾಗ್ನಿ ಹಳೆಯ ಕಟ್ಟು ಬಿಚ್ಚಿದಳು. ಕೆಳಗೆ ಗುಲಾಬಿ ಬಣ್ಣದ ಹೊಸ ಚರ್ಮ ನುಣ್ಣಗೆ ಹೊಳೆಯುತ್ತಿತ್ತು. ಹುಣ್ಣು ಪೂರ್ತಿ ಮಾಯ್ದಿತ್ತು.

ಹಲ್ವಾರ್ಡ್ ಮೆಲ್ಲಗೆ ಟೋಪಿ ತೆಗೆದ. ಒಬ್ಬೊಬ್ಬರೇ ಬಂದು ಆಮುಂಡ್‌ನ ಕೈ ಹಿಡಿದು ಸಮಾಧಾನ ಹೇಳಿದರು: ಹುಣ್ಣು ಇನ್ನೊಂದೇ ಒಂದು ವಾರ ತಡೆದಿದ್ದರೆ ಸಾಕಿತ್ತು. ಇಂಥದ್ದು ಮತ್ತೆ ಆಗದಂತೆ ನೋಡಿಕೊಳ್ಳುವುದಾಗಿ ರಾಗ್ನಿ ಸಭೆಯ ಕ್ಷಮೆ ಕೇಳಿದಳು. ಸಭೆ ಕ್ಷಮಿಸಿತು.

"ಹೋಗ್ಲಿ ಬಿಡು ಹುಡುಗಿ," ಎಂದು ಆಮುಂಡ್ ಅವಳ ಬೆನ್ನು ತಟ್ಟಿದ. "ಇನ್ನೊಂದು ಕಾಲು ಇದೆಯಲ್ಲ."