ಪಕ್ಕದ ಮನೆ ಅಜ್ಜ, ಶೆಫೀಲ್ಡ್ ಚಾಕು

ಚಾಕು ಕೂಡಿಡೋ ಹುಚ್ಚು ಹತ್ತಿಸಿಕೊಂಡವನ ಮನೆಗೆ ಎಡವಟ್ಟುಗಳು ತಾವಾಗೇ ವಿಳಾಸ ಹುಡುಕಿಕೊಂಡು ಬರ್ತವೆ. ಅದರ ಜೊತೆಗೆ ಕೊರೊನಾ ಕಾಲ, ಇಂಗ್ಲೆಂಡ್ ಪಕ್ಕದ ದೇಶದ ಕಾರ್ಕ್ ಊರು, ಎಂಬತ್ತರ ಅಜ್ಜನ ಸಹವಾಸ ಮೂರೂ ಸೇರಿಬಿಟ್ಟರೆ ಕೇಳೋದೇ ಬೇಡ.

ಕಡವೆ ಕೊಂಬು

ನಾನು ಮೈಸೂರಿನವನು. ಕಾರ್ಕಿನ ಅಂಚಿಗಿರೋ ಲಿಟಲ್ ಐಲ್ಯಾಂಡಿನ ಒಂದು ಔಷಧಿ ಕಂಪನಿಯಲ್ಲಿ ಕಂಪ್ಯೂಟರ್ ಕೆಲಸ. ಪಕ್ಕದ ಮನೆಯಲ್ಲಿ ಒಬ್ಬರೇ ಇದ್ದವರು ಒಬ್ಬ ಹಳೇ ಬಡಗಿ, ಹೆಂಡತಿ ತೀರಿಕೊಂಡು ಬಹಳ ವರ್ಷ ಆಗಿತ್ತು. ಮನಸ್ಸಿನಲ್ಲಿ ನಾನು ಅವರನ್ನು ಅಜ್ಜ ಅಂತಿದ್ದೆ. ಅವರು ನನ್ನನ್ನು 'ಬಾಯ್' ಅಂತಿದ್ರು. ಕಾರ್ಕಿನವರ ಬಾಯಲ್ಲಿ ನಲವತ್ತೆರಡರ ಗಂಡಸೂ ಬಾಯ್.

ಅಜ್ಜನ ಹಿತ್ತಲಲ್ಲಿ ಒಂದು ಮರದ ಶೆಡ್ಡು. ಅದರೊಳಗೆ ಒಂದು ಕಿಟಕಿ, ಎರಡು ಸ್ಟೂಲು, ಮೂವತ್ತು ಜೇಬುಚಾಕು. ಎಲ್ಲಾ ಇಂಗ್ಲೆಂಡಿನ ಶೆಫೀಲ್ಡಿನಲ್ಲಿ ಕೈಯಲ್ಲೇ ಮಾಡಿದವು. ಶನಿವಾರ ಮಧ್ಯಾಹ್ನ ನಾನು ಹೋದರೆ ಒಂದೊಂದನ್ನೇ ತೆಗೆದು, ಎಣ್ಣೆ ಒರೆಸಿ, ಕಿಟಕಿ ಬೆಳಕಿಗೆ ಹಿಡಿದು ತೋರಿಸೋರು. ಅಲಗು ಬಿಚ್ಚಿದಾಗ ಹಿಡಿಗೂ ಅಲಗಿಗೂ ನಡುವೆ ಕೂದಲೂ ತೂರಬಾರದು. ಅದನ್ನು ನೋಡೋದು ಕಲಿಯೋಕೆ ನನಗೆ ಆರು ತಿಂಗಳು ಹಿಡೀತು. ಅಷ್ಟರಲ್ಲಿ ನನಗೂ ಹುಚ್ಚು ಅಂಟಿ, ನಮ್ಮನೇಲೂ ಒಂಬತ್ತು ಚಾಕು ಸೇರಿದವು. "ಒಂಬತ್ತು ಚಾಕು, ಈರುಳ್ಳಿ ಹೆಚ್ಚೋಕೆ ಒಂದನ್ನೂ ಮುಟ್ಟಂಗಿಲ್ಲ!" ಅಂತ ನನ್ನ ಹೆಂಡತಿಯ ಸಿಡಿಮಿಡಿ.

ಒಂದು ಶನಿವಾರ ಅಜ್ಜ ತಮಗೆ ಬಹಳ ಇಷ್ಟವಾದ ಚಾಕು ಕೈಗಿಟ್ಟು, "ಈ ಹಿಡಿ ನಿಮ್ಮ ಕಡೆಯದು. ಇಂಡಿಯಾದ ಕಡವೆ ಕೊಂಬು" ಅಂದ್ರು. ಒರಟು ಒರಟಾಗಿ, ಬೆಚ್ಚಗೆ ಅಂಗೈಗೆ ಕೂತಿತು. ಯಾಕೋ ಕಣ್ಣು ಒದ್ದೆಯಾಯ್ತು.

"ಎಷ್ಟು ವರ್ಷ ಆಯ್ತು ಇದು ಇಲ್ಲಿಗೆ ಬಂದು?" ಅಂದೆ.

"ನೂರು ಇರಬಹುದು."

"ಈ ಕೊಂಬು ಪುಣ್ಯ ಮಾಡಿದೆ. ನಂದು ಎರಡು ವರ್ಷಕ್ಕೊಂದ್ಸಲ ಪರ್ಮಿಟ್ ರಿನ್ಯೂ ಮಾಡಿಸಬೇಕು."

ಟಕ್

ಮಾರ್ಚಿನಲ್ಲಿ ಲಾಕ್‌ಡೌನ್ ಬಂತು. ಎಪ್ಪತ್ತು ದಾಟಿದವರು ಹೊಸಿಲು ದಾಟಬಾರದು ಅಂದ್ರು. ಶನಿವಾರಗಳು ನಿಂತವು. ಶೆಡ್ಡು ನನ್ನ ಅಡುಗೆಮನೆ ಕಿಟಕಿಯಿಂದಲೇ ಕಾಣ್ತಿತ್ತು. ಕಾಣೋದೇ ಹಿಂಸೆ.

ಅಜ್ಜ ಸುಮ್ಮನೆ ಕೂರೋ ಪೈಕಿ ಅಲ್ಲ. ದಿನಾ ಮೂರು ಗಂಟೆಗೆ ಫೋನ್ ಮಾಡಿ ಒಂದು ಚಾಕು ಮಡಚೋರು. ಟಕ್! "ಯಾವುದು ಹೇಳು?" ಒಳ್ಳೆ ಸ್ಪ್ರಿಂಗ್ ಇರೋ ಚಾಕುಗಳಿಗೆ ಒಂದೊಂದಕ್ಕೂ ಒಂದೊಂದು ದನಿ. ಒಂದು ತಿಂಗಳಲ್ಲಿ ನಾನು ಮೂವತ್ತರಲ್ಲಿ ಹದಿನೆಂಟನ್ನು ಗುರುತು ಹಿಡಿಯೋ ಹಾಗಾದೆ.

ಒಂದು ದಿನ ಮೂರಕ್ಕೇ ಟೀಮ್ ಮೀಟಿಂಗ್. ಮ್ಯೂಟ್ ಮಾಡಿದ್ದೀನಿ ಅಂದ್ಕೊಂಡು ಫೋನನ್ನು ಸ್ಪೀಕರಿಗೆ ಹಾಕಿ ಲ್ಯಾಪ್‌ಟಾಪ್ ಪಕ್ಕ ಇಟ್ಟಿದ್ದೆ. ಮ್ಯಾನೇಜರ್ ಗಂಭೀರವಾಗಿ, "ಈ ವರ್ಷದ ರೇಟಿಂಗಿನಲ್ಲಿ ಕೆಲವು ಕಠಿಣ ನಿರ್ಧಾರ ತಗೋಬೇಕಾಗುತ್ತೆ" ಅಂದ್ರು.

ಟಕ್!

"ಏನದು ಸದ್ದು?"

ಗಾಬರಿಯಲ್ಲಿ ನಿಜಾನೇ ಬಾಯಿಗೆ ಬಂತು. "ಚಾಕು."

ಫೋನಿನಿಂದ ಅಜ್ಜ ಕೂಗಿದ್ರು: "ಬೇಗ ಹೇಳು ಬಾಯ್! ಚಿಕ್ಕದೋ ದೊಡ್ಡದೋ?"

ಆ ವರ್ಷ ಟೀಮಿನಲ್ಲಿ ಎಲ್ಲರ ರೇಟಿಂಗ್ ಮೇಲೂ ಚರ್ಚೆ ಆಯ್ತು, ನನ್ನದೊಂದು ಬಿಟ್ಟು.

ಗೋಡೆ ಮೇಲೆ ಇಡಿ

ಬೇಸಿಗೆಯಲ್ಲಿ ಸ್ವಲ್ಪ ಸಡಿಲ ಮಾಡಿದ್ರು. ಹಿತ್ತಲ ಗೋಡೆಯ ಆಚೆ ಅವರು, ಈಚೆ ನಾನು. ಮೊದಲ ದಿನವೇ ಅಜ್ಜ ಕಡವೆ ಕೊಂಬಿನ ಚಾಕುವನ್ನು ಗೋಡೆ ದಾಟಿಸಿ ಚಾಚಿದ್ರು. ನಾನು ಎಂದಿನಂತೆ ಕೈ ಹಿಂದಕ್ಕೆ ತಗೊಂಡು, "ಗೋಡೆ ಮೇಲೆ ಇಡಿ, ತಗೋತೀನಿ" ಅಂದೆ.

"ಗುಡ್ ಮ್ಯಾನ್. ಹುಷಾರಾಗಿರಬೇಕು" ಅಂತ ಮೆಚ್ಚಿಕೊಂಡು ಇಟ್ರು. ವಾಪಸ್ ಕೊಡುವಾಗಲೂ ನಾನು ಗೋಡೆ ಮೇಲೇ ಇಟ್ಟೆ. ಹೀಗೇ ಒಂದು ತಿಂಗಳು ನಡೀತು. ಬೀದಿಯವರ ಹತ್ತಿರವೆಲ್ಲಾ, "ಕೊರೊನಾ ನಿಯಮ ಪಾಲಿಸೋದು ಅಂದ್ರೆ ಪಕ್ಕದ ಮನೆ ಇಂಡಿಯನ್‌ನ ನೋಡಿ ಕಲೀಬೇಕು" ಅಂತ ಹೇಳ್ಕೊಂಡು ಬಂದ್ರಂತೆ. ನನಗೆ ತಡೆಯೋಕಾಗಲಿಲ್ಲ.

"ಅದು ಕೊರೊನಾಗೆ ಅಲ್ಲ. ಶೆಡ್ಡಲ್ಲೂ ನಾನು ನಿಮ್ಮ ಕೈಯಿಂದ ನೇರ ತಗೋತಿರಲಿಲ್ಲ, ನೀವು ಗಮನಿಸಿಲ್ಲ. ನೀವೇ ಅಂಗೈಗೆ ಇಟ್ಟಾಗ ಮಾತ್ರ ವಿಧಿ ಇರಲಿಲ್ಲ. ಚಾಕು ಕೈಯಿಂದ ಕೈಗೆ ಕೊಟ್ರೆ ಇಬ್ಬರಿಗೂ ಜಗಳ ಆಗುತ್ತೆ ಅಂತ ನಮ್ಮ ಕಡೆ ನಂಬಿಕೆ."

ಅಜ್ಜ ಗೋಡೆ ಮೇಲಿನ ಚಾಕು ನೋಡಿದ್ರು, ನನ್ನನ್ನು ನೋಡಿದ್ರು.

"ಮೂವತ್ತೆಂಟು ವರ್ಷ ಸಂಸಾರ ಮಾಡಿದೆ ಬಾಯ್. ದಿನಾ ಬೆಳಿಗ್ಗೆ ಬ್ರೆಡ್ಡಿನ ಚಾಕುನ ಅವಳ ಕೈಗೇ ಕೊಡ್ತಿದ್ದೆ. ಯಾರಾದ್ರೂ ಒಬ್ಬರು ಹೇಳಬಾರದಾಗಿತ್ತಾ?"

ಚಮಚ

ಚಳಿ ಶುರುವಾಗ್ತಿದ್ದಂಗೆ ಅಜ್ಜನ ಮಗಳು ಬಂದು, ಒಂಟಿಯಾಗಿ ಇರೋದು ಬೇಡ ಅಂತ ಅವರನ್ನು ಇನ್ನೂರು ಕಿಲೋಮೀಟರ್ ಆಚೆಯ ತನ್ನ ನೇಸ್ ಊರಿಗೆ ಕರ್ಕೊಂಡು ಹೋದಳು. ಒಳ್ಳೇ ಹೆಣ್ಣುಮಗಳೇ. ಭಯ ಮಾತ್ರ ಜಾಸ್ತಿ. ಶೆಡ್ಡಿಗೆ ಬೀಗ ಬಿತ್ತು. ಈ ವಯಸ್ಸಿನಲ್ಲಿ ಬೆರಳು ಕುಯ್ಕೊಂಡ್ರೆ ಆಸ್ಪತ್ರೆಗೆ ಹೋಗೋ ಕಾಲವಾ ಇದು ಅಂತ ಒಂದು ಚಾಕೂ ಜೊತೆಗೆ ಒಯ್ಯೋಕೆ ಬಿಡಲಿಲ್ಲ. "ಇನ್ನು ಅಪ್ಪ ನಮ್ಮ ಜೊತೇಲೇ ಇರ್ತಾರೆ ಅನ್ಸುತ್ತೆ" ಅಂತ ಹೋಗುವಾಗ ನನಗೆ ಹೇಳಿದಳು. ಆ 'ಇನ್ನು'ವಿನಲ್ಲಿ ವಾಪಸ್ ಬರೋ ಮಾತೇ ಇರಲಿಲ್ಲ.

ಸಂಜೆ ಕಿಟಕಿ ಹತ್ತಿರ ನಿಂತರೆ ಆ ಮನೇಲಿ ದೀಪವಿಲ್ಲ. ನಾನು ಮೈಸೂರು ಬಿಟ್ಟು ಬಂದಾಗ ಇಷ್ಟು ಅತ್ತಿರಲಿಲ್ಲ. ಹೆಂಡತಿ ಕಾಫಿ ತಂದುಕೊಡ್ತಿದ್ದಳು.

ಮೂರು ಗಂಟೆಯ ಫೋನು ಮಾತ್ರ ನಿಲ್ಲಲಿಲ್ಲ. ನೇಸಿಗೆ ಹೋದ ಮೊದಲ ದಿನ ಫೋನಿನಲ್ಲಿ ಟಿಣ್ ಅಂತ ಸದ್ದು.

"ಯಾವುದು ಹೇಳು?"

"ಚಮಚ ಇದ್ದಂಗಿದೆ."

"ಸರಿ. ಇದು?" ಟಿಣ್.

"ಅದೂ ಚಮಚ."

"ಗ್ರ್ಯಾಂಡ್. ಈ ಮನೇಲಿ ನಿನಗೆ ನೂರಕ್ಕೆ ನೂರು ಬರುತ್ತೆ ಬಾಯ್. ನನ್ನ ಟೋಸ್ಟನ್ನೂ ಅವಳೇ ಕತ್ತರಿಸಿ ತರ್ತಾಳೆ."

ಐದು ಕಿಲೋಮೀಟರ್

ಈ ಗಲಾಟೆಗೆಲ್ಲಾ ಮುಂಚೆ, ಅಜ್ಜನ ಎಂಬತ್ತಕ್ಕೆ ಅಂತ ಶೆಫೀಲ್ಡಿಗೆ ನಾನೊಂದು ಚಾಕು ಹೇಳಿದ್ದೆ. ಅಲ್ಲೊಬ್ಬ ವಯಸ್ಸಾದ ಕಸುಬುದಾರ ಒಂಟಿಯಾಗಿ ಕೂತು ಮಾಡೋನು. ಎಲ್ಲಿಗೆ ಬಂತು ಅಂತ ಮೇಲ್ ಮಾಡಿದ್ರೆ, "ಕೊಂಬು ಆರಿಸಿದ್ದೀನಿ" ಅಂತ ಉತ್ತರ. ಎರಡು ತಿಂಗಳು ಬಿಟ್ಟು ಕೇಳಿದ್ರೆ, "ಕೊಂಬು ಚೆನ್ನಾಗಿದೆ." ಅಜ್ಜನಿಗೆ ಎಂಬತ್ತು ಆಗಿ, ಎಂಬತ್ತೊಂದೂ ಆಗಿಹೋಯ್ತು. ಚಾಕು ಮುಗಿಯೋ ಹೊತ್ತಿಗೆ ಬ್ರೆಕ್ಸಿಟ್ ಬಂತು, ಇಂಗ್ಲೆಂಡಿನ ಪಾರ್ಸಲ್ ಅಂತ ಕಸ್ಟಮ್ಸಿನಲ್ಲಿ ಮೂರು ವಾರ ಕೂತಿತು. ಕಡೆಗೂ ಮಾರ್ಚಿನಲ್ಲಿ ಮನೆಗೆ ಬಂತು. ನಾನು ಬಿಚ್ಚಿ ನೋಡಲಿಲ್ಲ. ಮೊದಲು ಅವರೇ ಬಿಚ್ಚಲಿ ಅಂತ.

ಚಳಿಯಲ್ಲಿ ಮತ್ತೆ ಲಾಕ್‌ಡೌನ್ ಹಾಕಿದ್ರು, ಮನೆಯಿಂದ ಐದು ಕಿಲೋಮೀಟರ್ ದಾಟಬಾರದು ಅನ್ನೋ ನಿಯಮ ಇನ್ನೂ ಇತ್ತು. ತಡೆಯೋಕಾಗದೆ ಒಂದು ಭಾನುವಾರ ಹೊರಟೇಬಿಟ್ಟೆ. ಊರು ದಾಟುವ ಮುಂಚೆಯೇ ಗಾರ್ಡಾ, ಅಂದ್ರೆ ಇಲ್ಲಿನ ಪೊಲೀಸ್, ಕೈ ಅಡ್ಡ ಹಿಡಿದ.

"ಎಲ್ಲಿಗೆ?"

"ನೇಸಿಗೆ."

"ಕಾರಣ?"

"ಎಂಬತ್ತೊಂದು ವರ್ಷದ ಒಬ್ಬರಿಗೆ ಚಾಕು..."

ಕಪ್ಪು ಕನ್ನಡಕ ತೆಗೆದ. "ಚಾಕು ಏನು?"

ಬೆವರಿಬಿಟ್ಟೆ. ಶೆಡ್ಡು, ಮಗಳು, ಚಮಚ, ಎಲ್ಲಾ ಒಂದೇ ಉಸಿರಿನಲ್ಲಿ ಒದರಿದೆ. ಅವನ ಮುಖ ಮೆತ್ತಗಾಯ್ತು. ತನ್ನ ತಾತನ ಹತ್ತಿರವೂ ಇಂಥದ್ದೊಂದು ಇತ್ತು ಅಂದ. ಹಿಂದೆ ಹನ್ನೆರಡು ಕಾರು ನಿಂತಿದ್ದವು. ಬಿಟ್ಟೇ ಬಿಡ್ತಾನೆ ಅಂತ ಆಸೆಯಾಯ್ತು.

"ಬಹಳ ಒಳ್ಳೆ ಕಾರಣ" ಅಂದ. "ಆದ್ರೆ ಐದು ಕಿಲೋಮೀಟರ್ ಒಳಗಡೆ ಇರೋ ಯಾರಾದ್ರೂ ಮುದುಕರಿಗೆ ಕೊಡೋಕಾಗಲ್ವಾ?"

ಓವರ್‌ಕೋಟು

ಮೇ ತಿಂಗಳಲ್ಲಿ ಜಿಲ್ಲೆಯಿಂದ ಜಿಲ್ಲೆಗೆ ಹೋಗೋಕೆ ಬಿಟ್ಟರು. ಬಿಟ್ಟ ದಿನವೇ ರಜೆ ಹಾಕಿ ಹೊರಟೆ. ಅಜ್ಜನಿಗೆ ಎರಡೂ ಲಸಿಕೆ ಆಗಿತ್ತು. ಮಗಳ ಮನೆ ಮುಂದೆ ಬಿಸಿಲಲ್ಲಿ ಕುರ್ಚಿ ಹಾಕ್ಕೊಂಡು ಕೂತಿದ್ರು. ಬಡವಾಗಿದ್ರು. ಅಷ್ಟು ಬಿಸಿಲಲ್ಲೂ ದಪ್ಪ ಓವರ್‌ಕೋಟು ಹಾಕಿದ್ರು. ಇಂಥ ಚಾಕು ಹಿಡಿಯೋ ಕೈಗೆ ಚಮಚ ಕೊಟ್ಟು ಹೀಗೆ ಸೊರಗಿಸಿದ್ದಾರಲ್ಲ ಅಂತ ಸಂಕಟ ಆಯ್ತು.

ಚಾಕುವಿನ ಡಬ್ಬಿಯನ್ನು ಹುಲ್ಲಿನ ಮೇಲೆ ಇಟ್ಟೆ. ಅಜ್ಜ ಬಗ್ಗಿ ಎತ್ತಿಕೊಂಡ್ರು. ಮುಚ್ಚಳ ತೆಗೆದು ಒಮ್ಮೆ ನೋಡಿದ್ರು. ಕೊಂಬಿನ ಮೇಲೆ ಹೆಬ್ಬೆರಳು ಆಡಿಸಿದ್ರು. ಮುಚ್ಚಳ ಹಾಕಿ ಜೇಬಿಗೆ ಇಳಿಸಿದ್ರು.

"ಬಿಚ್ಚಲ್ವಾ?"

"ಬೆಳಕು ಸರಿ ಇಲ್ಲ" ಅಂದ್ರು. ನೆತ್ತಿ ಸುಡೋ ಬಿಸಿಲು! "ಇಂಥದ್ದನ್ನ ಶೆಡ್ಡಿನ ಕಿಟಕಿ ಹತ್ತಿರ ನೋಡಬೇಕು."

ನಾನು ಏನಾದ್ರೂ ಹೇಳೋ ಮುಂಚೆ ಎದ್ದು, ನನ್ನ ಕಾರಿನ ಬಾಗಿಲು ತೆಗೆದು, ಕೂತು, ಬೆಲ್ಟ್ ಹಾಕಿಕೊಂಡ್ರು. ಬಗ್ಗಿದ್ದಕ್ಕೆ ಓವರ್‌ಕೋಟಿನ ಜೇಬಿನಿಂದ ಒಂದು ಟೂತ್‌ಬ್ರಷ್ ಬಿತ್ತು. ಆಮೇಲೆ ಅದೇ ಜೇಬಿನಲ್ಲಿ ತುರುಕಿದ್ದ ಪೈಜಾಮದ ಒಂದು ಕಾಲು ಹೊರಗೆ ಇಣುಕಿತು.

ಮಗಳು ಓಡಿ ಬಂದಳು. "ಡ್ಯಾಡಿ! ಎಲ್ಲಿಗೆ?"

"ಚಾಕು ನೋಡೋಕೆ."

"ಪೈಜಾಮ ಹಾಕ್ಕೊಂಡು ನೋಡ್ತೀರಾ?"

ಅಜ್ಜ ನೇರ ಮುಂದೆ ರಸ್ತೆ ನೋಡ್ತಾ ಕೂತ್ರು. ಅವಳು ನನ್ನನ್ನು ನೋಡಿದಳು. ನಾನು ಕೈ ಮುಗಿದೆ. "ದಿನಾ ಎರಡು ಹೊತ್ತು ಹೋಗಿ ನೋಡ್ಕೋತೀನಿ. ನನ್ನ ಹೆಂಡತಿ ಊಟ ಕೊಡ್ತಾಳೆ" ಅಂದೆ. ಅವಳು ಕಣ್ಣು ಒರೆಸಿಕೊಂಡು ಧಡಧಡ ಒಳಗೆ ಹೋದಳು. ಬೈಯೋಕೆ ಗಂಡನ್ನ ಕರ್ಕೊಂಡು ಬರ್ತಾಳೆ ಅಂದ್ಕೊಂಡೆ. ಅವಳು ಮಾತ್ರೆಗಳ ಚೀಲ ತಂದು ಅಜ್ಜನ ತೊಡೆ ಮೇಲೆ ಹಾಕಿ, "ಓಡಿ ಹೋಗೋರು ಇದನ್ನ ಮರೀಬಾರದು" ಅಂದಳು.

ನೇಸ್ ದಾಟಿದ ಮೇಲೆ ನನಗೆ ಸ್ವಲ್ಪ ಸಿಟ್ಟೇ ಬಂತು. "ಒಂದು ವರ್ಷದ ಮೇಲೆ ಕಾದಿದ್ದೀನಿ ಈ ಚಾಕುಗೆ. ಅಲ್ಲೇ ಒಂದ್ಸಲ ಬಿಚ್ಚಿದ್ರೆ ಏನಾಗ್ತಿತ್ತು?"

ಅಜ್ಜ ಜೇಬಿನ ಮೇಲೆ ಕೈ ಇಟ್ಕೊಂಡ್ರು.

"ಬಿಚ್ಚಿದ್ರೆ ನೋಡಿ ಆಯ್ತು ಅಂತ, ನೀನೊಬ್ಬನೇ ಹೊರಟುಬಿಡ್ತಿದ್ದೆ ಬಾಯ್."