ಕಿಸೆಯಲ್ಲಿ ಬಂದ ಬಾಸಿಂಗ

ನಮ್ಮೂರು ಇಂಡಿಯಲ್ಲಿ ಗೋಂದು ಮಾರುವವರೆಲ್ಲ ಸೇರಿ ಯಾರಿಗಾದರೂ ಶಾಪ ಹಾಕುವುದಿದ್ದರೆ ಅದು ನನ್ನ ಸೋದರಮಾವನಿಗೇ! ಎಪ್ಪತ್ತರ ದಶಕದ ಮಾತು. ಮಾವ ಹೊತ್ತು ಸಿಕ್ಕಾಗಲೆಲ್ಲ ಕಾಗದದಲ್ಲಿ ಕಮಲ, ಗಿಳಿ, ಗೋಪುರ ಕಟ್ಟುತ್ತಿದ್ದ. ಗೋಂದನ್ನು ಮಾತ್ರ ಮುಟ್ಟುತ್ತಿರಲಿಲ್ಲ. ಒಂದು ತುಂಡಿಗೆ ಮೇಲಿನಿಂದ ಅರ್ಧದವರೆಗೆ ಸೀಳು, ಇನ್ನೊಂದಕ್ಕೆ ಕೆಳಗಿನಿಂದ ಅರ್ಧದವರೆಗೆ ಸೀಳು. ಒಂದರೊಳಗೊಂದು ಇಳಿಸಿದರೆ ಮುಗಿಯಿತು. ಅಂಟು ಹಚ್ಚುವುದು ಕೆಲಸ ಬಾರದವರ ಲಕ್ಷಣ ಎಂದು ಅವನು ಬಂದವರಿಗೆಲ್ಲ ಹೇಳುತ್ತಿದ್ದ.

ದಪ್ಪ ಕಾಗದ ಎಲ್ಲಿಂದ ಬರಬೇಕು? ಲಗ್ನಪತ್ರಿಕೆಗಳಿಂದ! ನಾವು ಓದುವ ಮೊದಲೇ ಅವನ ಕತ್ತರಿ ಓದಿಬಿಡುತ್ತಿತ್ತು. ಒಮ್ಮೆ ಹೊರ್ತಿಯ ನೆಂಟರ ಮದುವೆಗೆ ಸಿಂಗರಿಸಿಕೊಂಡು ಹೋದರೆ ಅಲ್ಲಿ ಹಂದರ ಬಿಚ್ಚುತ್ತಿದ್ದರು. ತಾರೀಖು ಇದ್ದ ತುಂಡು ಗಿಳಿಯ ಹೊಟ್ಟೆ ಸೇರಿತ್ತು! ಮಾವನಿಗೆ ನಾಚಿಕೆ? ಎಲ್ಲಿಯದು! ಉಳಿದ ಹೋಳಿಗೆ ಉಂಡು, ಮದುಮಕ್ಕಳಿಗೆ ಅದೇ ಗಿಳಿಯನ್ನು ಉಡುಗೊರೆ ಕೊಟ್ಟು ಬಂದ.

ಅಜ್ಜಿಗೂ ಅವ್ವನಿಗೂ ಜಗಳವಾದರೆ ಅಲ್ಲಿಗೂ ತನ್ನ ವಿದ್ಯೆ ತರುತ್ತಿದ್ದ. ಇಬ್ಬರಿಗೂ ಮೇಲಿನಿಂದಲೇ ಸೀಳು ಬಿದ್ದಿದೆ, ಕೂಡುವುದು ಹೇಗೆ ಎನ್ನುತ್ತಿದ್ದ. ಅಜ್ಜಿ ಬಿಡುವವಳೇ?

“ಕಾಗದಕ್ಕ ಜೋಡಿ ಹುಡುಕ್ತಿ. ನಿನಗೊಂದು ಹುಡುಕ್ಕೊಳ್ಳಾಕ ಬರ್ಲಿಲ್ಲ.”

ನಿಜ, ಅವನು ಮದುವೆಯಾಗಲಿಲ್ಲ. ನಾನು ತೊಟ್ಟಿಲಲ್ಲಿದ್ದಾಗಲೇ ಅಪ್ಪ ತೀರಿಕೊಂಡಿದ್ದರು. ಅವ್ವನನ್ನೂ ಅಕ್ಕನನ್ನೂ ನನ್ನನ್ನೂ ಮನೆಗೆ ಕರೆತಂದು ಸಾಕಿದವನು ಅವನೇ.

ಮುಂದೆ ಅಕ್ಕನಿಗೆ ಸಿಂದಗಿಯ ಗಂಡು ಗೊತ್ತಾಯಿತು. ನಮ್ಮಲ್ಲಿ ಮದುಮಗಳ ಹಣೆಗೆ ಕಟ್ಟುವ ಬಾಸಿಂಗವನ್ನು ಸೋದರಮಾವನೇ ತರಬೇಕು. ಎಲ್ಲರೂ ಬೆಂಡಿನದನ್ನು ಕೊಂಡು ತರುತ್ತಾರೆ. ಮಾವ ಕೇಳಬೇಕಲ್ಲ! ಕೂಸಿನ ಬಾಸಿಂಗ ನನ್ನ ಕೈಯದೇ ಆಗಬೇಕೆಂದು ಹಟ ಹಿಡಿದ. ಆದರೆ ಸಿಂದಗಿಯ ಬಸ್ಸು ಹತ್ತುವಾಗ ಅವನ ಕೈ ಖಾಲಿ! ಬಾಸಿಂಗ ಎಲ್ಲಿ ಎಂದು ಅವ್ವ ದಾರಿಯುದ್ದಕ್ಕೂ ಕೇಳಿದಳು. “ಐತಿ” ಎಂದವನೇ ಕಿಟಕಿಗೆ ತಲೆಯಾನಿಸಿ ಗೊರಕೆ ಹೊಡೆದ.

ಹಂದರದಲ್ಲಿ ಅವನು ಕೋಟಿನ ಒಳಗಿಸೆಯಿಂದ ಚಪ್ಪಟೆಯಾದ ಕಾಗದದ ಕಟ್ಟೊಂದನ್ನು ತೆಗೆದ. ಬೀಗತಿ, ಅಂದರೆ ವರನ ತಾಯಿ, ಮುಖ ಗಂಟಿಕ್ಕಿದರು. ಮಾವ ಎರಡು ತುದಿ ಹಿಡಿದು ಜಗ್ಗಿದ ನೋಡಿ! ಸೀಳುಗಳೆಲ್ಲ ತಿರುಗಿ, ಕಮಲ, ಗಿಳಿ, ಗೋಪುರ ಸಾಲಾಗಿ ಎದ್ದು ನಿಂತವು.

ಬೀಗತಿ ಕರಗಲಿಲ್ಲ. “ಅಕ್ಕಿಕಾಳು ಬಿದ್ದು ಕಿತ್ತು ಬಂದ್ರ? ನನ್ನ ಮಗನ ಲಗ್ನದಾಗ ಅಪಶಕುನ ಆಗಬಾರ್ದ್ರಿ.”

ಅಕ್ಕ ತಲೆ ತಗ್ಗಿಸಿದಳು. ಯಾರೋ ಪೇಟೆಯಿಂದ ಬೆಂಡಿನ ಬಾಸಿಂಗ ತರಲು ಎದ್ದೇಬಿಟ್ಟರು. ಮಾವ ಮಾತ್ರ ಬಾಸಿಂಗವನ್ನು ಬೀಗತಿಯ ಕೈಗಿಟ್ಟು, “ಝಾಡಿಸಿ ನೋಡ್ರಿ” ಎಂದ.

ಆ ತಾಯಿ ಮೊರದಲ್ಲಿ ಕಾಳು ಕೇರುವಂತೆ ಝಾಡಿಸಿದರು. ತಿರುಗಿಸಿ ಝಾಡಿಸಿದರು. ಒಂದು ಎಸಳೂ ಕದಲಲಿಲ್ಲ. ಕೊನೆಗೆ ಕೈ ಸೋತು, ಕಟ್ಟಿರೆಂದರು. ಬಾಸಿಂಗ ಗಟ್ಟಿಯಾಗಿಯೇ ನಿಂತಿತು. ಆದರೆ ಅಕ್ಕಿಕಾಳೆಲ್ಲ ಸಂದುಗಳಲ್ಲಿ ಸೇರಿಕೊಂಡು, ಅಕ್ಕ ಹಿರಿಯರ ಕಾಲಿಗೆ ಬಗ್ಗಿದಾಗಲೆಲ್ಲ ಅವರಿಗೇ ತಿರುಗಿ ಅಕ್ಷತೆ ಬೀಳುತ್ತಿತ್ತು!

ಸಂಜೆ ಅಕ್ಕನನ್ನು ಬಿಟ್ಟು ನಾವು ಹೊರಡಬೇಕು. ಬಾಸಿಂಗವನ್ನು ಟ್ರಂಕಿನಲ್ಲಿಡುತ್ತೇನೆ, ಮೊದಲಿನಂತೆ ಮಡಚಿಕೊಡಿ ಎಂದರು ಬೀಗತಿ. ಮಾವ ಅದನ್ನು ಎರಡೂ ಅಂಗೈ ನಡುವೆ ಹಿಡಿದ. ಒಮ್ಮೆ ಒತ್ತಿದರೆ ಸಾಕಿತ್ತು. ಅವನು ಒತ್ತಲಿಲ್ಲ, ಬಾಗಿಲ ಕಡೆ ನೋಡಿದ. ಅಕ್ಕ ಬಾಗಿಲಿಗೆ ಒರಗಿ ಅಳುತ್ತಿದ್ದಳು.

“ನನ್ನ ಕೈಲೆ ಆಗವಲ್ದ್ರಿ, ತಾಯಿ,” ಎಂದ. “ನೀವ ಮಡಚಿ ಇಟಗೊಳ್ರಿ.”

ಬೀಗತಿ ಅವನ ಮುಖ ನೋಡಿದರು. ಬಾಸಿಂಗ ತೆಗೆದುಕೊಂಡು, ಮಡಚದೆ, ದೇವರ ಜಗುಲಿಯ ಪಕ್ಕದ ಗೂಟಕ್ಕೆ ತೂಗುಹಾಕಿದರು.

“ಮಡಚೋದು ಬ್ಯಾಡ. ಮಗಳ್ನ ನೋಡಾಕ ಬರ್ತಿರ್ತೀರಲ್ಲ, ನಿಮಗೂ ಕಾಣ್ಲಿ.”

ಮಾವ ಬೀಗತಿಗೆ ಕೈ ಮುಗಿದ.