ನನ್ನ ಕಣ್ಣಿನ ಪೊರೆ ಹಣ್ಣಾದ ಬಗೆ

ಯಾವ ಕಾಯಿ ಯಾವ ದಿನ ಹಣ್ಣಾಗುತ್ತದೆ ಎಂದು ಹೇಳುವ ವಿಷಯದಲ್ಲಿ ದಾದರ್ ಮಾರ್ಕೆಟ್‌ನಲ್ಲಿ ನನ್ನನ್ನು ಮೀರಿಸಿದವರಿಲ್ಲ. ಇದು ಜಂಬವಲ್ಲ, ವಾಸ್ತವ ಸಂಗತಿ. ಮೂವತ್ತು ವರ್ಷಗಳಿಂದ ಅಲ್ಲಿ ಮಾವಿನಹಣ್ಣು ಮಾರುತ್ತಿದ್ದೇನೆ. ತೊಟ್ಟಿನ ಹತ್ತಿರ ಹೆಬ್ಬೆರಳಿನಿಂದ ಮೆಲ್ಲಗೆ ಒತ್ತಿ, ಒಮ್ಮೆ ಮೂಸಿ ನೋಡಿ, "ನಾಡಿದ್ದು ಕೊಯ್ಯಿರಿ" ಎಂದರೆ ಮುಗಿಯಿತು. ಗಿರಾಕಿಗಳು ನಾಡಿದ್ದಿನವರೆಗೆ ಚಾಕು ಮುಟ್ಟುವುದಿಲ್ಲ.

ಇಂಥ ನನಗೆ ಎರಡು ವರ್ಷಗಳ ಹಿಂದೆ ಎರಡೂ ಕಣ್ಣಿಗೆ ಪೊರೆ ಬಂತು. ಕಣ್ಣಿನ ಡಾಕ್ಟರಮ್ಮ ದೀಪ ಬಿಟ್ಟು ನೋಡಿ, "ಈಗಷ್ಟೇ ಶುರುವಾಗಿದೆ. ಆರು ತಿಂಗಳು ಬಿಟ್ಟು ತೋರಿಸಿ" ಎಂದು ಮರಾಠಿಯಲ್ಲಿ ಹೇಳಿದರು. ನಾನು ಅರ್ಥಮಾಡಿಕೊಂಡದ್ದು ಇಷ್ಟು: ಕಾಯಿ ಇನ್ನೂ ಹಣ್ಣಾಗಿಲ್ಲ! ನಮ್ಮ ಅಜ್ಜನಿಗೂ ಪೊರೆ ಬಂದಾಗ ಹಣ್ಣಾಗಲಿ ಎಂದು ಮೂರು ವರ್ಷ ಕಾಯಿಸಿದ್ದರು. ಇನ್ನು ಹಣ್ಣಾಯಿತೋ ಇಲ್ಲವೋ ಎಂದು ತಿಳಿಯಲು ನಾನು ಇನ್ನೊಬ್ಬರ ಬಳಿ ಹೋಗಬೇಕೇ? ಆ ಆರು ತಿಂಗಳು ಎರಡು ವರ್ಷವಾಯಿತು.

ನಮ್ಮ ಮನೆ ಭಾಂಡುಪ್‌ನಲ್ಲಿ, ಮೂರನೆಯ ಮಾಳಿಗೆ. ಗ್ಯಾಲರಿಯಲ್ಲಿ ನಿಂತರೆ ಎದುರಿನ ಬಿಲ್ಡಿಂಗಿನ ನೀರಿನ ಟ್ಯಾಂಕು ಕಾಣುತ್ತದೆ. ಅದರ ಮೇಲೆ ದೊಡ್ಡ ಅಕ್ಷರಗಳಲ್ಲಿ ‘ನವಜೀವನ ಸೊಸೈಟಿ’ ಎಂದು ಬರೆದಿತ್ತು. ನಾನು ಒಂದು ಶಾಸ್ತ್ರೀಯ ಪರೀಕ್ಷೆಯನ್ನು ಏರ್ಪಡಿಸಿದೆ. ಪ್ರತಿದಿನ ಬೆಳಿಗ್ಗೆ ಒಂದು ಕಣ್ಣು ಮುಚ್ಚಿ ಅದನ್ನು ಓದುವುದು. ಆಮೇಲೆ ಇನ್ನೊಂದು ಕಣ್ಣು ಮುಚ್ಚಿ ಓದುವುದು. ಓದಲಾಗದ ದಿನ ಹಣ್ಣಾಯಿತೆಂದು ಲೆಕ್ಕ. ಅಲ್ಲಿಯವರೆಗೆ ಕ್ಯಾಲೆಂಡರಿನಲ್ಲಿ ದಿನವೂ ‘ಕಾಯಿ’ ಎಂದು ಬರೆಯುತ್ತಿದ್ದೆ.

ಕುತೂಹಲಕ್ಕೆ ಕೊನೆಯೆಲ್ಲಿ? ರೆಪ್ಪೆಯ ಮೇಲೆ ಹೆಬ್ಬೆರಳಿಟ್ಟು ಮೆಲ್ಲಗೆ ಒತ್ತಿಯೂ ನೋಡಿದೆ. ಏನೂ ತಿಳಿಯಲಿಲ್ಲ. ಮೂಸಿ ನೋಡೋಣವೆಂದರೆ ಮೂಗು ಅಲ್ಲಿಗೆ ತಲುಪುವುದಿಲ್ಲ! ಮಾವನ್ನು ಹುಲ್ಲಿನ ಕಾವಿನಲ್ಲಿ ಇಟ್ಟು ಹಣ್ಣು ಮಾಡುತ್ತೇವೆ. ಹುಡುಗನಾಗಿದ್ದಾಗ ಮೊಣಕಾಲಿನ ಮೇಲೆ ಕುರು ಎದ್ದರೆ ಅಜ್ಜಿ ಬಿಸಿ ಪಟ್ಟು ಕಟ್ಟಿ ಹಣ್ಣು ಮಾಡಿದ್ದಳು. ಅಂದ ಮೇಲೆ ಕಣ್ಣಿಗೂ ಕಾವು ಕೊಡಬೇಕು. ಮೇ ತಿಂಗಳಿನ ಮಧ್ಯಾಹ್ನ ಉಣ್ಣೆಯ ಮಫ್ಲರನ್ನು ಕಣ್ಣಿಗೆ ಸುತ್ತಿಕೊಂಡು ಕುಳಿತೆ.

"ಏನ್ರಿ ಇದು ಅವತಾರ?" ಎಂದಳು ನನ್ನ ಹೆಂಡತಿ ಶಾಂತವ್ವ.

"ಹಣ್ಣಿಗೆ ಹಾಕೀನಿ. ಸುಮ್ನಿರು."

ಮಗಳು ಕವಿತಾ ಕಾಲೇಜಿನಲ್ಲಿ ಜೀವಶಾಸ್ತ್ರ ಓದಿದವಳು. "ಪಪ್ಪಾ, ಮೋತಿಯಾಬಿಂದು ಆಮ್ ಥೋಡಿ ಹೈ! ಡಾಕ್ಟರ್ ಕಡೆ ಚಲೋ ನಾ" ಎಂದು, ಪೊರೆಯೇನು ಮಾವಿನಹಣ್ಣೇ ಎನ್ನುವಂತೆ ಹಣೆ ಚಚ್ಚಿಕೊಂಡಳು.

ಇವಳ ಮದುವೆಯ ಮಾತು ಬಂದದ್ದು ಅದೇ ತಿಂಗಳು. ಹುಡುಗ ಇಲ್ಲೇ ಹತ್ತಿರದ ಥಾಣೆ ಶಹರದಲ್ಲಿ ಕೆಲಸದಲ್ಲಿದ್ದಾನೆ. ಕವಿತಾಳಿಗೂ ಮನಸ್ಸಿತ್ತು. ಅವನ ತಂದೆ ಸಿದ್ದಪ್ಪನವರು ಮಾತು ಪಕ್ಕಾ ಮಾಡಲು ಗದಗದಿಂದ ರೈಲಿನಲ್ಲಿ ಬರುವವರಿದ್ದರು. ಅವರನ್ನು ನಾನು ಒಂದೇ ಸಲ, ಅದೂ ಯಾರದೋ ಮದುವೆಯ ಊಟದ ಸಾಲಿನಲ್ಲಿ ಕಂಡಿದ್ದೆ. "ದಾದರಿನ್ಯಾಗ ಇಳೀತೀನ್ರಿ. ಬಿಳಿ ಧೋತರ, ಬಿಳಿ ಟೊಪಗಿ, ಕೈಯಾಗ ಕೆಂಪು ಚೀಲ" ಎಂದು ಫೋನಿನಲ್ಲಿ ಗುರುತು ಹೇಳಿದರು.

"ಕವಿತಾನ್ನ ಜೋಡಿ ಕರ್ಕೊಂಡು ಹೋಗ್ರಿ. ನಿಮ್ಮ ಕಣ್ಣು ಸುದ್ದ ಇಲ್ಲ" ಎಂದಳು ಶಾಂತವ್ವ.

"ಲಗ್ನದ ಹುಡುಗಿ ಮಾವನ್ನ ಕರಿಯಾಕ ಸ್ಟೇಷನ್‌ಗೆ ಹೋಗೋದೇನು? ದಾದರ್ ಅಂದ್ರ ನನ್ನ ಅಂಗಳ. ಕಣ್ಣು ಮುಚ್ಚಿ ಹೋಗಿ ಬರ್ತೀನಿ!" ಎಂದೆ. ಹೆಚ್ಚುಕಡಿಮೆ ಹಾಗೇ ಹೋದೆ.

ರೈಲು ಬಂತು. ಬಿಳಿ ಧೋತರ, ಬಿಳಿ ಟೊಪ್ಪಿಗೆಯ ಗುರುತು ಹಿಡಿದು ಹೊರಟ ನನಗೆ ಇಳಿದವರಲ್ಲಿ ಅರ್ಧ ಜನ ಬೆಳ್ಳಗೆ ಕಂಡರು. ಯಾರೋ ಒಬ್ಬ ನನ್ನ ಎದುರಿಗೇ ಬಂದು ನಿಂತು ದಾರಿ ಕಟ್ಟಿದ. "ಬಾಜೂ ಸರಕೋ ಭಾವೂ, ನಮ್ಮ ಬೀಗರು ಬರೋದೈತಿ" ಎಂದು ಅವನನ್ನು ಪಕ್ಕಕ್ಕೆ ಸರಿಸಿದೆ. ಅವನ ಹಿಂದೆ ಒಂದು ಬಿಳಿ ಆಕಾರ, ಅದರ ಕೈಯಲ್ಲಿ ಕೆಂಪಗೆ ಏನೋ! ಓಡಿಹೋಗಿ ಚೀಲ ಕಸಿದುಕೊಂಡೆ.

"ಬೀಗರ, ಬರ್ರಿ ಬರ್ರಿ! ಅರಾಮ ಬಂದ್ರೇನು?"

"ಅರಾಮ್ರಿ. ನೀವು ಭಾಂಡುಪದವರಲ್ಲೇನು?" ಎಂದರು ಅವರು, ಮುಖ ಹತ್ತಿರ ತಂದು.

"ಹೌದ್ರಿ!" ಇನ್ನೇನು ಬೇಕು ಸಾಕ್ಷಿ?

ಲೋಕಲ್ ಹತ್ತುವಾಗ ಅವರು ಬಾಗಿಲಿನ ಕಂಬಕ್ಕೆ ಹಣೆ ಬಡಿದುಕೊಂಡರು. "ಕಣ್ಣಿಗೆ ಪೊರಿ ಬಂದೈತ್ರಿ. ಇನ್ನೂ ಹಣ್ಣಾಗಿಲ್ಲ" ಎಂದರು. ನನಗಾದ ಆನಂದ ಹೇಳತೀರದು! ಎರಡು ವರ್ಷದಲ್ಲಿ ನನ್ನ ಮಾತು ತಿಳಿಯುವ ಮೊದಲ ಮನುಷ್ಯ, ಅದೂ ಬೀಗರೇ ಆಗಿ ಸಿಕ್ಕಿದ್ದರು. ಭಾಂಡುಪ್ ಬರುವವರೆಗೆ ನಾವು ಮಗಳ ಮಾತು ಎತ್ತಲಿಲ್ಲ, ಮಗನ ಮಾತು ಎತ್ತಲಿಲ್ಲ. ಪೊರೆ ಅಂಚಿನಿಂದ ಹಣ್ಣಾಗುತ್ತದೋ ನಡುವಿನಿಂದಲೋ, ಕುರುವಿಗೆ ಬಾಯಿ ಬರುವಂತೆ ಪೊರೆಗೂ ಬರುತ್ತದೋ, ಎಡಗಣ್ಣಿನದು ಮೊದಲು ಏಕೆ ಹಣ್ಣಾಗಬೇಕು ಎಂಬ ಗಹನವಾದ ಚರ್ಚೆ ನಡೆಯಿತು. ನಡುವೆ ನನ್ನ ಫೋನು ನಾಲ್ಕೈದು ಸಲ ಹೊಡೆದುಕೊಂಡಿತು. ಹೆಸರು ಕಾಣಲಿಲ್ಲ. ಯಾವುದೋ ಕಂಪನಿಯವರೆಂದು ಕಟ್ ಮಾಡಿದೆ.

ಮನೆಗೆ ಬಂದು ಅವರನ್ನು ಕುರ್ಚಿಯಲ್ಲಿ ಕೂಡಿಸಿ ಶಿರಾ ಕೊಟ್ಟೆವು. "ಹುಡುಗಿ ಎಲ್ಲಿ?" ಎಂದು ಅವರೇ ಕೇಳಿದರು. ಕವಿತಾ ಸೀರೆಯ ಸೆರಗು ಸರಿಮಾಡಿಕೊಂಡು ಚಹಾ ತಂದಳು. ಅವರು ಅವಳ ತಲೆಯ ಮೇಲೆ ಕೈಯಿಟ್ಟು, "ಎಷ್ಟ್ ಸೊರಗೀಯವ್ವಾ! ಲಗ್ನ ಆಗಿ ವರ್ಷದಾಗ ಹಿಂಗಾದ್ರ ಹ್ಯಾಂಗ? ನಿನ್ನ ಗಂಡ ಉಣ್ಣಾಕ ಹಾಕ್ತಾನೋ ಇಲ್ಲೋ?" ಎಂದರು.

"ಯಾರ ಲಗ್ನ?" ಎಂದಳು ಶಾಂತವ್ವ.

ಅಷ್ಟರಲ್ಲಿ ಬಾಗಿಲ ಬೆಲ್ ಆಯಿತು. ಬಿಳಿ ಧೋತರ, ಬಿಳಿ ಟೊಪ್ಪಿಗೆ, ಕೆಂಪು ಚೀಲ, ಮೈತುಂಬ ಬೆವರು.

"ನಾ ಗದಗಿನ ಸಿದ್ದಪ್ಪರಿ."

"ಹಂಗಾದ್ರ ಇವರ್ಯಾರು?" ಎಂದೆ ನಾನು, ಕುರ್ಚಿಯ ಕಡೆ ಕೈ ಮಾಡಿ.

"ನಾ ಬಾಗಲಕೋಟಿ ರುದ್ರಪ್ಪರಿ" ಎಂದರು ಕುರ್ಚಿಯಲ್ಲಿದ್ದವರು, ಬಾಯಿತುಂಬ ಶಿರಾ ಇಟ್ಟುಕೊಂಡು. "ಇದು ನಮ್ಮ ತಂಗಿ ಮಗಳ ಮನಿ ಅಲ್ಲೇನು?"

ಅವರ ತಂಗಿಯ ಮಗಳ ಮನೆಯೂ ಭಾಂಡುಪ್‌ನಲ್ಲೇ ಇತ್ತು. ಆಕೆಯ ಮಾವ ಅದೇ ಹೊತ್ತಿನಲ್ಲಿ ದಾದರ್ ಪ್ಲಾಟ್‌ಫಾರ್ಮಿನಲ್ಲಿ ಇವರನ್ನು ಹುಡುಕಿ ಸುಸ್ತಾಗುತ್ತಿದ್ದರು. ರುದ್ರಪ್ಪನವರು ನನ್ನನ್ನೇ ಆ ಮಾವ ಎಂದುಕೊಂಡಿದ್ದರು.

ಸಿದ್ದಪ್ಪನವರು ಚೀಲ ಕೆಳಗಿಡಲಿಲ್ಲ. "ನಾ ನಿಮ್ಮ ಎದುರಿಗೇ ಬಂದು ನಮಸ್ಕಾರ ಮಾಡಿದೆ. ನೀವು ಬಾಜೂ ಸರಕೋ ಅಂದ್ರಿ. ಫೋನ್ ಮಾಡಿದೆ, ಕಟ್ ಮಾಡಿದ್ರಿ. ಕಡೀಕ ಮಗನ್ನ ಕೇಳಿ ಮನಿ ಹುಡುಕ್ಕೊಂಡು ಬಂದೆ. ಸಂಬಂಧ ಬ್ಯಾಡ ಅಂದ್ರ ಬಾಯಿಬಿಟ್ಟು ಹೇಳಬೇಕಿತ್ತು."

ಕವಿತಾ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಳು. ಅವಳ ಮುಖ ನನಗೆ ಕಾಣಲಿಲ್ಲ, ಮೂಗು ಸೇದಿದ್ದು ಕೇಳಿಸಿತು. ಮಫ್ಲರಿನಿಂದ ಹಿಡಿದು ಎಲ್ಲವನ್ನೂ ಅವರ ಮುಂದೆ ಒಪ್ಪಿಕೊಂಡೆ.

"ತಪ್ಪು ಇವರದಲ್ರಿ" ಎಂದರು ರುದ್ರಪ್ಪ. "ನಮ್ಮಿಬ್ಬರದೂ ಇನ್ನೂ ಹಣ್ಣಾಗಿಲ್ಲ."

ಸಿದ್ದಪ್ಪನವರು ಅವರನ್ನು ನೋಡಿದರು, ನನ್ನನ್ನು ನೋಡಿದರು. ಮೀಸೆ ಅಲುಗಿತು. ಕೊನೆಗೆ ಚೀಲ ಕೆಳಗಿಟ್ಟು, "ಸಂಬಂಧ ನಮಗ ಒಪ್ಪಿಗಿ. ಆದ್ರ ಒಂದು ಷರತ್ತು. ಮೊದಲು ಕಣ್ಣಿನ ಆಪರೇಷನ್, ಆಮ್ಯಾಲೆ ಲಗ್ನ. ಇಲ್ಲಾಂದ್ರ ನೀವು ಮಗಳನ್ನ ಬಾಜೂ ನಿಂತವನಿಗೆ ಧಾರಿ ಎರದುಬಿಡ್ತೀರಿ!" ಎಂದರು.

ಮರುದಿನವೇ ಕವಿತಾ ನನ್ನನ್ನು ಡಾಕ್ಟರಮ್ಮನ ಮುಂದೆ ಕೂಡಿಸಿದಳು. ಹಣ್ಣಾಗಲಿ ಎಂದು ಕಾಯುತ್ತಿದ್ದೆ ಎಂದೆ. ಅವರು ನಗಲಿಲ್ಲ, ಪಾಪ. ಹಿಂದೆ ಹಾಗೆ ಕಾಯುತ್ತಿದ್ದರಂತೆ, ಈಗ ಕಾಯಬೇಕಿಲ್ಲವಂತೆ. ಕಣ್ಣಿನೊಳಗಿನ ತಿಳಿ ಮಸೂರ, ಬೇಯಿಸಿದ ಮೊಟ್ಟೆಯ ಬಿಳಿಯಂತೆ ಮಬ್ಬಾಗುವುದೇ ಪೊರೆ. ಮಾವು ಹಣ್ಣಾದರೆ ಮೆತ್ತಗಾಗುತ್ತದೆ, ಇದು ತೀರ ಬಲಿತರೆ ಗಟ್ಟಿಯಾಗಿ ತೆಗೆಯುವುದೇ ಕಷ್ಟವಂತೆ! ನನ್ನ ಮೂವತ್ತು ವರ್ಷಗಳ ವಿದ್ಯೆ ಒಂದೇ ಮಾತಿನಲ್ಲಿ ತಲೆಕೆಳಗಾಯಿತು.

ಆದರೂ ಕುತೂಹಲ ಬಿಡಲಿಲ್ಲ. ದೇಹದಲ್ಲಿ ಮತ್ತೇನೇನು ಹಣ್ಣಾಗುತ್ತದೆ ಎಂದು ಕೇಳಿದೆ. ನೆತ್ತರಿನ ಕೆಂಪು ಕಣವೂ ಮೂಳೆಯೊಳಗೆ ಮಾಗಿ ಹೊರಬರುತ್ತದೆ, ಮಾಗುವಾಗ ತನ್ನೊಳಗಿನ ಬೀಜದಂಥ ಭಾಗವನ್ನು ಹೊರಗೆ ಹಾಕುತ್ತದೆ ಎಂದರು. "ಅಂದ್ರ ಸೀಡ್‌ಲೆಸ್!" ಎಂದು ಕೂಗಿದೆ. ಕವಿತಾ ಮತ್ತೆ ಹಣೆ ಚಚ್ಚಿಕೊಂಡಳು. ಡಾಕ್ಟರಮ್ಮ ಮಾತ್ರ ದೀಪ ಬಿಟ್ಟು ಕಣ್ಣು ನೋಡಿ, "ನಿಮ್ಮದು ಬಲಿತು ಎಷ್ಟೋ ತಿಂಗಳಾಗಿದೆ. ಇಷ್ಟು ದಿನ ಹೇಗೆ ಓಡಾಡಿದಿರಿ?" ಎಂದರು.

ನನಗೆ ನಂಬಿಕೆಯಾಗಲಿಲ್ಲ. ನಿನ್ನೆ ಬೆಳಿಗ್ಗೆ ಕೂಡ ಟ್ಯಾಂಕಿನ ಮೇಲಿನ ಹೆಸರು ಓದಿದ್ದೆನಲ್ಲ! ಕ್ಯಾಲೆಂಡರಿನಲ್ಲಿ ‘ಕಾಯಿ’ ಎಂದು ದಾಖಲೆ ಇತ್ತಲ್ಲ!

ಆಪರೇಷನ್ ಆಯಿತು. ಪಟ್ಟಿ ಬಿಚ್ಚಿದ ದಿನ ಮನೆಗೆ ಬಂದವನೇ ನೇರ ಗ್ಯಾಲರಿಗೆ ಹೋದೆ. ಹೊಸ ಕಣ್ಣಿಗೆ ಪಾರಿವಾಳದ ಕಾಲಿನ ಬೆರಳು ಕೂಡ ಎಣಿಸುವಷ್ಟು ಸ್ಪಷ್ಟವಾಗಿ ಕಂಡಿತು. ಅದು ಕುಳಿತಿದ್ದ ಟ್ಯಾಂಕು ಕಂಡಿತು. ಟ್ಯಾಂಕು ಪೂರ್ತಿ ಬಿಳಿ. ಒಂದು ಅಕ್ಷರವೂ ಇರಲಿಲ್ಲ.

"ಶಾಂತಾ! ಎದುರಿನ ಟ್ಯಾಂಕಿಗೆ ಯಾವಾಗ ಬಣ್ಣ ಹಚ್ಚಿದ್ರು?"

"ಹ್ವಾದ ವರ್ಷ, ಮಳಿಗಾಲಕ್ಕಿಂತ ಮೊದಲು" ಎಂದಳು ಒಳಗಿನಿಂದ. "ಯಾಕ್ರಿ? ದಿನಾ ಅಲ್ಲೇ ನಿಂತು ನೋಡ್ತಿದ್ರಲ್ಲ!"

ಗೋಡೆಯ ಮೇಲಿನ ಕ್ಯಾಲೆಂಡರನ್ನು ಮೆಲ್ಲಗೆ ತೆಗೆದು ಸುರುಳಿ ಸುತ್ತಿದೆ. ಬರಿ ಬಿಳಿ ಟ್ಯಾಂಕಿನ ಮೇಲೆ ಇಡೀ ವರ್ಷ, ಒಂದೊಂದೇ ಕಣ್ಣು ಮುಚ್ಚಿ, ಒಂದಕ್ಷರ ತಪ್ಪದೆ ಓದುತ್ತಿದ್ದೆ!